ಹಿರಿಯರಿಗೆ ಎಂಥ ಬಿಪಿ ಮಷೀನ್ ಒಗ್ಗುತ್ತದೆ?

ಮನೆಯಲ್ಲಿ ಬಿಪಿ ನೋಡಿಕೊಳ್ಳಲು ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಕಟ್ಟುವ ಡಿಜಿಟಲ್ ಮಷೀನೇ ವಾಸಿ. ಮಣಿಕಟ್ಟು ಎದೆಮಟ್ಟದಿಂದ ತುಸು ಕೆಳಗಿಳಿದರೂ ಅಂಕಿ ಏರಿಬಿಡುತ್ತದೆ. ಆದರೆ ಹಿರಿಯರ ಮಟ್ಟಿಗೆ ನಿಜವಾದ ಪರೀಕ್ಷೆ ಬೇರೆಯೇ: ಯಾರ ನೆರವೂ ಇಲ್ಲದೆ ಅವರೇ ಪಟ್ಟಿ ಕಟ್ಟಿಕೊಳ್ಳಬಲ್ಲರೇ? ಮನೆಯವರಿಗೆ ಬಿಡುವಾಗಲಿ ಎಂದು ಕಾಯಬೇಕಾದ ಮಷೀನು ಬೇಗನೆ ಕಪಾಟು ಸೇರುತ್ತದೆ.

ಅದಕ್ಕೇ ಪಟ್ಟಿ ನೋಡಿ ಕೊಳ್ಳಿ. ಮೊದಲೇ ಸುರುಳಿಯಾಗಿರುವ ಗಟ್ಟಿ ಪಟ್ಟಿಯನ್ನು ತೋಳಿಗೇರಿಸಿ ಒಂದೇ ಕೈಯಲ್ಲಿ ಎಳೆದು ಅಂಟಿಸಬಹುದು. ಮೆತ್ತನೆಯದು ಜಾರುತ್ತದೆ, ಬೆರಳು ಸೆಟೆದವರಿಗೆ ಸಾಕುಸಾಕಾಗುತ್ತದೆ. ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಂಡೇ ಹೋಗಿ. ಜೊತೆಗೆ ಬರುವ ಪಟ್ಟಿ ಬಹಳಷ್ಟು ಸಲ 22–32 ಸೆಂ.ಮೀ. ತೋಳಿಗೆ ಮಾತ್ರ. 35 ಇದ್ದವರು ದೊಡ್ಡದನ್ನೇ ಕೇಳಬೇಕು. ಚಿಕ್ಕ ಪಟ್ಟಿ ಇಲ್ಲದ ಬಿಪಿ ತೋರಿಸಿ ವಿನಾಕಾರಣ ಹೆದರಿಸುತ್ತದೆ.

ಅರ್ಧ ಗಂಟೆ ಮೊದಲಿನಿಂದ ಕಾಫಿ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲೆ, ಬರಿತೋಳಿನ ಮೇಲೆ. ಕೈ ಮೇಜಿನ ಮೇಲೆ, ಎದೆಮಟ್ಟಕ್ಕೆ. ಗಾಳಿ ತುಂಬುವಾಗ ಮಾತಾಡಿದರೂ ಅಂಕಿ ಏರುತ್ತದೆ.

ಸರಾಸರಿ ತೋರಿಸುವ ಮೆಮೊರಿ ಇರುವ ಮಾದರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೊದಲು 152 ಬಂದು, ಒಂದು ನಿಮಿಷ ಬಿಟ್ಟು ನೋಡಿದರೆ 138 ಬರುವುದು ಮಾಮೂಲು. ಆ 152ಕ್ಕೇ ಗಾಬರಿಬಿದ್ದು ಮತ್ತೆ ಮತ್ತೆ ಗುಂಡಿ ಒತ್ತುವವರ ಬಿಪಿ ಗಾಬರಿಗೇ ಏರುತ್ತದೆ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, 7 ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದು ವೈದ್ಯರಿಗೆ ತೋರಿಸಿ. ಮನೆಯ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಅದನ್ನು ಏರಿದ ಬಿಪಿ ಎನ್ನುತ್ತಾರೆ. ಈ ಲೆಕ್ಕ ತಮ್ಮ ಕೈಯಲ್ಲೇ ಇದ್ದಾಗ ಹಿರಿಯರು ವೈದ್ಯರ ಮುಂದೆ ಧೈರ್ಯವಾಗಿ ಪ್ರಶ್ನೆ ಕೇಳುತ್ತಾರೆ. ಮಾತ್ರೆಯನ್ನು ಮಾತ್ರ ತಾವೇ ಹೆಚ್ಚುಕಡಿಮೆ ಮಾಡಿಕೊಳ್ಳಬಾರದು.

ಎದ್ದಾಗ ತಲೆಸುತ್ತುವವರು ನಿಂತು 1 ಮತ್ತು 3ನೇ ನಿಮಿಷಕ್ಕೂ ನೋಡಿಕೊಳ್ಳಲಿ, ಹತ್ತಿರ ಯಾರಾದರೂ ಇರಲಿ. ಕೂತಾಗ ಬಂದದ್ದಕ್ಕಿಂತ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಲೇಬೇಕು.

ಕೊರತೆಯೂ ಇದೆ. ಹೃದಯ ಬಡಿತ ಏರುಪೇರಾಗಿರುವವರಲ್ಲಿ ಈ ಮಷೀನಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಸೆಲ್ ಇಳಿದರೆ ಗಾಳಿ ಅರ್ಧಕ್ಕೇ ನಿಲ್ಲಬಹುದು, ಅಡಾಪ್ಟರ್ ಇರುವುದು ಮೇಲು. 180/120 ದಾಟಿದ ಅಂಕಿಯ ಜೊತೆ ಎದೆನೋವು, ಉಸಿರುಕಟ್ಟು ಅಥವಾ ಮಾತು ತೊದಲುವುದು ಕಂಡರೆ ಮತ್ತೆ ಅಳೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.