ಟೈರಿಗೆ ನೈಟ್ರೋಜನ್ ಬೇಕೆ, ಬಂಕಿನ ಗಾಳಿ ಸಾಕೆ?

ಹೊಸ ಟೈರ್ ಹಾಕಿಸಿ, ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಎಲ್ಲ ಮುಗಿದ ಮೇಲೆ ಬಿಲ್ಲಿನ ಕೊನೆಗೆ ನೈಟ್ರೋಜನ್ ಅಂತ ಇನ್ನೊಂದು ಬಾಬ್ತು ಸೇರಿರುತ್ತದೆ. ನಾಲ್ಕು ಚಕ್ರ, ಒಂದು ಸ್ಟೆಪ್ನಿ, ಒಟ್ಟು ಇನ್ನೂರು–ಇನ್ನೂರೈವತ್ತು ರೂಪಾಯಿ. ಐದೂ ವಾಲ್ವಿಗೆ ಹಸಿರು ಕ್ಯಾಪು. ಅದನ್ನೂ ಹಾಕಿಸಿ, ಬಂಕಿನ ಮಾಮೂಲಿ ಗಾಳಿಯಲ್ಲೂ ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ: ದಿನಾ ಓಡಾಡುವ ಕಾರಿಗೆ ಬಂಕಿನ ಗಾಳಿಯೇ ಸಾಕು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಟೈರಿನ ಒತ್ತಡ ಅಳೆಯುವ ಒಂದು ಒಳ್ಳೆಯ ಗೇಜ್ ಕೊಂಡುಬಿಡಿ.

ನೈಟ್ರೋಜನ್‌ಗೆ ನಿಜವಾಗಿ ಇರುವ ಗುಣ ಒಂದು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್, ಶೇ. 21ರಷ್ಟು ಆಮ್ಲಜನಕ. ಟೈರಿನ ರಬ್ಬರಿನಿಂದ ಅನಿಲ ಸದಾ ಒಂದಿಷ್ಟು ಜಿನುಗುತ್ತಲೇ ಇರುತ್ತದೆ, ಅದರಲ್ಲೂ ಆಮ್ಲಜನಕ ಬೇಗ ಜಿನುಗುತ್ತದೆ. ಹಾಗಾಗಿ ನೈಟ್ರೋಜನ್ ತುಂಬಿದ ಟೈರು ನಿಧಾನಕ್ಕೆ ಇಳಿಯುತ್ತದೆ ಅನ್ನುವುದು ಸುಳ್ಳಲ್ಲ. ಎಷ್ಟು ನಿಧಾನ? ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು 2006–07ರಲ್ಲಿ 31 ಮಾದರಿಯ ಟೈರುಗಳಿಗೆ 30 ಪಿಎಸ್‌ಐ (ಟೈರಿನ ಒತ್ತಡ ಅಳೆಯುವ ಮಾನ) ತುಂಬಿಸಿ ಒಂದು ವರ್ಷ ಹೊರಗೆ ಇಟ್ಟು ಅಳೆದರು. ಗಾಳಿ ತುಂಬಿದವು ಸರಾಸರಿ 3.5 ಪಿಎಸ್‌ಐ ಇಳಿದವು, ನೈಟ್ರೋಜನ್ ತುಂಬಿದವು 2.2. ವ್ಯತ್ಯಾಸ 1.3 ಪಿಎಸ್‌ಐ, ಅದೂ ಇಡೀ ವರ್ಷಕ್ಕೆ. ತಿಂಗಳಿಗೊಮ್ಮೆ ಗೇಜ್ ಹಿಡಿಯುವವರಿಗೆ ಇದರಿಂದ ಏನೂ ಹೆಚ್ಚು ಸಿಗುವುದಿಲ್ಲ.

ಒಂದು ಟೈರು ತಿಂಗಳಿಗೆ 3–4 ಪಿಎಸ್‌ಐ ಇಳಿಯುತ್ತಿದ್ದರೆ ಅದು ರಬ್ಬರಿನಿಂದ ಜಿನುಗಿದ್ದಲ್ಲ. ಎಲ್ಲೋ ಸೋರುತ್ತಿದೆ. ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿ ಅರ್ಧ ನಿಮಿಷ ನೋಡಿ. ಸಣ್ಣ ಗುಳ್ಳೆ ಉಬ್ಬಿದರೆ ವಾಲ್ವ್ ಪಿನ್ನು ಹೋಗಿದೆ, ಹತ್ತಿಪ್ಪತ್ತು ರೂಪಾಯಿಯ ಕೆಲಸ. ಅಲ್ಲಿ ಇಲ್ಲವಾದರೆ ರಿಮ್ಮಿನ ಅಂಚು, ಆಮೇಲೆ ನೆಲಕ್ಕೆ ತಾಗುವ ಟ್ರೆಡ್ಡಿನಲ್ಲಿ ಕೂತ ಸಣ್ಣ ಮೊಳೆ. ಇಂಥ ಸೋರಿಕೆಗೆ ಒಳಗಿರುವುದು ನೈಟ್ರೋಜನ್ನೋ ಗಾಳಿಯೋ ಎರಡೂ ಒಂದೇ.

ನೈಟ್ರೋಜನ್‌ನ ದೊಡ್ಡ ಕಿರಿಕಿರಿ ಶುರುವಾಗುವುದು ಒತ್ತಡ ಇಳಿದಾಗ. ಊರೊಳಗೆ ನೈಟ್ರೋಜನ್ ಯಂತ್ರ ಇರುವ ಬಂಕು ಸಿಗುತ್ತದೆ. ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿದರೆ, ಘಟ್ಟದ ಬುಡದ ಸಣ್ಣ ಊರುಗಳಿಗೆ ಹೋದರೆ, ಅಲ್ಲಿರುವುದು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಒಂದೇ. "ಇದಕ್ಕೆ ಮಾಮೂಲಿ ಗಾಳಿ ಮಿಕ್ಸ್ ಮಾಡಬಾರದು ಸಾರ್" ಅಂತ ಟೈರ್ ಅಂಗಡಿಯಲ್ಲಿ ಹೇಳಿ ಕಳಿಸಿರುತ್ತಾರೆ. ಆ ಮಾತು ನಂಬಿ, 33 ಇರಬೇಕಾದ ಕಡೆ 26ರಲ್ಲೇ ಎರಡು ದಿನ ಓಡಿಸುವವರಿದ್ದಾರೆ. ನೈಟ್ರೋಜನ್ ವ್ಯವಹಾರದಲ್ಲಿ ನನಗೆ ಸಿಟ್ಟು ಬರಿಸುವ ಸಂಗತಿ ಇದು. ಗಾಳಿ ಕಮ್ಮಿಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ. ಮಡಚಿದಷ್ಟೂ ಬಿಸಿ, ಬಿಸಿಯಾದಷ್ಟೂ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಬೇಸಿಗೆಯಲ್ಲಿ ಸಾಮಾನು ತುಂಬಿಕೊಂಡು ನೂರರ ವೇಗದಲ್ಲಿ ಹೋಗುವಾಗ ಟೈರು ಸಿಡಿಯುವುದು ಹೀಗೆ. ಟೈರು ಉಳಿಯಲಿ ಅಂತ ಹಾಕಿಸಿದ ನೈಟ್ರೋಜನ್ನಿನಿಂದಲೇ ಟೈರು ಕೆಟ್ಟಂತಾಯಿತು.

ಮಿಕ್ಸ್ ಆದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ಗೇಜು ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು. ವಾತಾವರಣದ್ದೇ 14.7 ಪಿಎಸ್‌ಐ ಇದೆ. ಅಂದರೆ ಗೇಜಿನಲ್ಲಿ 33 ಇದ್ದರೆ ಒಳಗಿನ ಒಟ್ಟು ಒತ್ತಡ 47.7. ಶೇ. 93 ನೈಟ್ರೋಜನ್ ಇರುವ ಟೈರು 30ಕ್ಕೆ ಇಳಿದಿದೆ, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ 33 ಮಾಡಿದಿರಿ ಅನ್ನೋಣ. ಈಗ ಒಳಗಿರುವ ನೈಟ್ರೋಜನ್ ಶೇ. 92. ನಷ್ಟ ಒಂದೇ ಒಂದು ಅಂಶ. ಎರಡೂ ಸೇರಿ ಟೈರಿಗೆ ಆಗುವ ಅಪಾಯ ಯಾವುದೂ ಇಲ್ಲ. ಹಸಿರು ಕ್ಯಾಪ್ ಇದ್ದರೂ ಧೈರ್ಯವಾಗಿ ಹೊಡೆಸಿ.

ಇದೇ ಲೆಕ್ಕವನ್ನು ತಿರುಗಿಸಿ. ಮಾಮೂಲಿ ಗಾಳಿ ಇರುವ ಟೈರು 30ಕ್ಕೆ ಇಳಿದಿದೆ. ಬಂಕಿನ ಹುಡುಗ ನೈಟ್ರೋಜನ್ ಪೈಪು ಸಿಕ್ಕಿಸಿ 33 ಮಾಡಿ ಚಕ್ರಕ್ಕೆ ಹತ್ತು ರೂಪಾಯಿ ತೆಗೆದುಕೊಂಡ. ಒಳಗಿರುವ ನೈಟ್ರೋಜನ್ 78ರಿಂದ 79ಕ್ಕೆ ಏರಿತು, ಅಷ್ಟೆ. ಪೂರ್ತಿ ಗಾಳಿ ಇಳಿಸಿ ಶೇ. 95ರ ನೈಟ್ರೋಜನ್ ಒಮ್ಮೆ ತುಂಬಿಸಿದರೂ ಸಿಗುವುದು ಸುಮಾರು 90. ಏಕೆಂದರೆ ಗೇಜು ಸೊನ್ನೆ ತೋರಿಸುವಾಗಲೂ ಟೈರಿನೊಳಗೆ ಒಂದು ವಾತಾವರಣದಷ್ಟು ಹಳೇ ಗಾಳಿ ಕೂತಿರುತ್ತದೆ. ಇನ್ನೊಮ್ಮೆ ಇಳಿಸಿ ಇನ್ನೊಮ್ಮೆ ತುಂಬಿಸಿದರೆ 93 ಮುಟ್ಟುತ್ತದೆ.

ಸರಿಯಾಗಿ ಮಾಡುವವರು ಕಾರನ್ನು ಜ್ಯಾಕ್ ಮೇಲೆ ಎತ್ತಿ, ವಾಲ್ವ್ ಪಿನ್ನು ಬಿಚ್ಚಿ, ಶಬ್ದ ಪೂರ್ತಿ ನಿಲ್ಲುವ ತನಕ ಗಾಳಿ ಬಿಟ್ಟು, ತುಂಬಿಸಿ, ಮತ್ತೆ ಬಿಟ್ಟು, ಮತ್ತೆ ತುಂಬಿಸುತ್ತಾರೆ. ನಾಲ್ಕು ಚಕ್ರಕ್ಕೆ ಇಪ್ಪತ್ತು–ಇಪ್ಪತ್ತೈದು ನಿಮಿಷ ಬೇಕು. ಜ್ಯಾಕ್ ಹಾಕದೆ ಪೂರ್ತಿ ಇಳಿಸಲು ಬಿಡಬೇಡಿ. ಕಾರಿನ ಭಾರಕ್ಕೆ ಟೈರಿನ ಗೋಡೆ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಜಜ್ಜುತ್ತದೆ, ಟ್ಯೂಬ್‌ಲೆಸ್ ಆದರೆ ಅಂಚು ರಿಮ್ಮಿನಿಂದ ಕಳಚಿಕೊಳ್ಳುವುದೂ ಉಂಟು. ಐದು ನಿಮಿಷದಲ್ಲಿ ನಾಲ್ಕೂ ಚಕ್ರ ಮುಗಿದಿದ್ದರೆ ನಿಮ್ಮ ಟೈರಿನಲ್ಲಿರುವುದು ಹಸಿರು ಕ್ಯಾಪಿನ ಮಾಮೂಲಿ ಗಾಳಿ.

ಇನ್ನು "ನೈಟ್ರೋಜನ್ ಬಿಸಿಗೆ ಹಿಗ್ಗುವುದಿಲ್ಲ" ಎಂಬ ಮಾತು. ಇದು ಶುದ್ಧ ತಪ್ಪು. 25 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದ ಟೈರು ಓಡಿ ಓಡಿ 55 ಡಿಗ್ರಿಗೆ ಬಿಸಿಯಾದರೆ ಗೇಜು ಹತ್ತಿರಹತ್ತಿರ 38 ತೋರಿಸುತ್ತದೆ. ಒಳಗೆ ಒಣ ಗಾಳಿ ಇದ್ದರೂ ಅಷ್ಟೇ, ನೈಟ್ರೋಜನ್ ಇದ್ದರೂ ಅಷ್ಟೇ. ಟೈರು ತಣ್ಣಗಿರುತ್ತದೆ ಅನ್ನುವುದೂ ಹಾಗೆಯೇ. ಬಿಸಿ ಹುಟ್ಟುವುದು ರಬ್ಬರು ಮಡಚಿಕೊಳ್ಳುವುದರಿಂದ, ಒಳಗಿನ ಅನಿಲದಿಂದಲ್ಲ.

ಮಂಗಳೂರಿನಿಂದ ಸಂಪಾಜೆ ಘಟ್ಟ ಹತ್ತಿ ಮಡಿಕೇರಿಗೆ ಹೋದವರು ಬೆಳಿಗ್ಗೆ ಅಳೆದು, "ನೋಡಿ, ನೈಟ್ರೋಜನ್ ಆದ್ದರಿಂದ ಒಂದು ಪಾಯಿಂಟೂ ಬದಲಾಗಿಲ್ಲ" ಅನ್ನುತ್ತಾರೆ. 33 ಡಿಗ್ರಿಯ ಕರಾವಳಿಯಿಂದ 18 ಡಿಗ್ರಿಯ ಬೆಟ್ಟಕ್ಕೆ ಬಂದಾಗ ಚಳಿಗೆ 2.3 ಪಿಎಸ್‌ಐ ಇಳಿಯಬೇಕು. ಆದರೆ ಸುಮಾರು 1,150 ಮೀಟರ್ ಎತ್ತರದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಸುಮಾರು 1.9 ಪಿಎಸ್‌ಐ ಕಮ್ಮಿ, ಆದ್ದರಿಂದ ಗೇಜು ಅಷ್ಟು ಹೆಚ್ಚು ತೋರಿಸುತ್ತದೆ. ಒಂದು ಇಳಿಸಿತು, ಇನ್ನೊಂದು ಏರಿಸಿತು. ಟೈರಿನಲ್ಲಿ ಮಾಮೂಲಿ ಗಾಳಿ ಇದ್ದರೂ ಅದೇ ಓದು ಬರುತ್ತದೆ.

ಬಿಸಿಯ ವಿಷಯದಲ್ಲಿ ನಿಜವಾದ ಶತ್ರು ನೀರು. ನೈಟ್ರೋಜನ್ ಯಂತ್ರದಿಂದ ಬರುವುದು ಒಣ ಅನಿಲ. ಬಂಕಿನ ಕಂಪ್ರೆಸರ್ ಹೊರಗಿನ ತೇವದ ಗಾಳಿಯನ್ನು ಒತ್ತಿ ತುಂಬುವುದರಿಂದ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ತಳದ ತಿರುಪು ಬಿಚ್ಚಿ ಅದನ್ನು ದಿನಾ ಹೊರಹಾಕಬೇಕು. ಹಾಕದಿದ್ದರೆ ಪೈಪಿನ ಮೂಲಕ ನಿಮ್ಮ ಟೈರಿಗೆ ಬರುತ್ತದೆ. ಟೈರಿನೊಳಗೆ ನೀರು ನಿಂತಿದ್ದರೆ 30 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ 0.6 ಪಿಎಸ್‌ಐ, 60 ಡಿಗ್ರಿಯಲ್ಲಿ 2.9. ಬಿಸಿಗೆ ಸಹಜವಾಗಿ ಏರುವುದರ ಮೇಲೆ ಇದೊಂದು 2.3 ಸೇರಿಕೊಳ್ಳುತ್ತದೆ. ಕಬ್ಬಿಣದ ರಿಮ್ ಆದರೆ ಒಳಗಿನಿಂದ ತುಕ್ಕು ಬೇರೆ. ಆ ತುಕ್ಕು ಅಂಚಿನಲ್ಲಿ ಕೂತು ಸೋರಿಕೆಗೆ ದಾರಿ ಮಾಡುತ್ತದೆ.

ಪರೀಕ್ಷೆ ಸುಲಭ. ಪೈಪಿನ ಬಾಯಿಯ ಪಿನ್ನನ್ನು ಒತ್ತಿ ಮೂರು ಸೆಕೆಂಡು ಅಂಗೈ ಮೇಲೆ ಗಾಳಿ ಬಿಟ್ಟು ನೋಡಿ. ಅಂಗೈ ಒಣಗಿದ್ದರೆ ಹಾಕಿಸಿ. ಹನಿ ಸಿಡಿದರೆ, ಇಲ್ಲವೇ ಎಣ್ಣೆ ಬೆರೆತ ಮಂಜಿನಂತೆ ಜಿಗುಟಾದರೆ, ಬೇರೆ ಬಂಕಿಗೆ ನಡೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿ, ಮಲೆನಾಡಿನಲ್ಲಿ ಇದನ್ನು ತಪ್ಪದೆ ಮಾಡಿ.

"ಹಾಗಾದರೆ ವಿಮಾನಕ್ಕೆ ಯಾಕೆ ನೈಟ್ರೋಜನ್?" ಅದಕ್ಕೆ ಗಟ್ಟಿ ಕಾರಣ ಇದೆ. 1986ರ ಮಾರ್ಚ್ 31ರಂದು ಮೆಕ್ಸಿಕೊದಲ್ಲಿ ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ಬಿದ್ದು 167 ಜನ ಸತ್ತರು. ಬ್ರೇಕು ಹಿಡಿದುಕೊಂಡು ಕಾದ ಚಕ್ರದಲ್ಲಿ ನೈಟ್ರೋಜನ್ ಬದಲು ಮಾಮೂಲಿ ಗಾಳಿ ಇತ್ತು. ವಿಮಾನ ಹಾರುವಾಗಲೇ ಟೈರು ಸ್ಫೋಟಿಸಿ ಇಂಧನದ ಕೊಳವೆಗಳನ್ನು ಹರಿದುಹಾಕಿತು. ದೊಡ್ಡ ವಿಮಾನಗಳ ಬ್ರೇಕು ಇರುವ ಚಕ್ರಗಳಲ್ಲಿ ಆಮ್ಲಜನಕ ಶೇ. 5 ಮೀರಬಾರದು ಎಂಬುದು ಅಮೆರಿಕದ ನಿಯಮ. ಅಲ್ಲಿ ಕೆಂಪಗೆ ಕಾಯುವ ಬ್ರೇಕು, ಕಾರಿನ ಟೈರಿನ ಹಲವು ಪಟ್ಟು ಒತ್ತಡ, ಮೇಲೆ ಹೋದರೆ ಮಂಜುಗಟ್ಟುವ ಚಳಿ. 33 ಪಿಎಸ್‌ಐನಲ್ಲಿ ಮಾರ್ಕೆಟ್ಟಿಗೆ ಹೋಗಿಬರುವ ಹ್ಯಾಚ್‌ಬ್ಯಾಕಿಗೆ ಆ ಅಪಾಯ ಇಲ್ಲ.

ಮೈಲೇಜು: ಒತ್ತಡ ಸರಿ ಇದ್ದರೆ ಎರಡರಲ್ಲೂ ಒಂದೇ.

ಚಕ್ರ ಹಗುರವಾಗುತ್ತದಂತೆ. ಒಂದು ಕಾರ್ ಟೈರಿನೊಳಗಿನ ಗಾಳಿಯ ತೂಕ ನೂರು ಗ್ರಾಂ ಮೇಲೆ ಚೂರು, ನೈಟ್ರೋಜನ್‌ನಿಂದ ಉಳಿಯುವುದು ಮೂರು–ನಾಲ್ಕು ಗ್ರಾಂ.

ಸ್ಕೂಟರು, ಬೈಕಿಗೆ ದುಡ್ಡು ಕೊಟ್ಟು ಹಾಕಿಸಬೇಡಿ. ಅಲ್ಲಿ ಬೇಕಿರುವುದು ವಾರಕ್ಕೊಮ್ಮೆ ನೋಡುವ ಅಭ್ಯಾಸ.

ಲಾರಿ, ಬಸ್ಸುಗಳ ಮಾತು ಬೇರೆ. ಅಲ್ಲಿ ಒತ್ತಡ 100–120 ಪಿಎಸ್‌ಐ, ಆಮ್ಲಜನಕ ರಬ್ಬರಿನೊಳಗೆ ನುಗ್ಗುವ ರಭಸವೂ ಅದಕ್ಕೆ ತಕ್ಕಂತೆ ಹೆಚ್ಚು. ಒಂದೇ ಕೇಸಿಂಗಿಗೆ, ಅಂದರೆ ಟೈರಿನ ಒಡಲಿಗೆ, ಎರಡು ಮೂರು ಸಲ ಹೊಸ ಟ್ರೆಡ್ ಹಾಕಿಸಿ (ರೀಟ್ರೆಡ್) ಓಡಿಸುವವರಿಗೆ ಒಳಗಿನ ತಂತಿ ತುಕ್ಕು ಹಿಡಿಯದೆ ಉಳಿದರೆ ನೇರ ಲಾಭ. ಘಟ್ಟ ಇಳಿಯುವಾಗಿನ ಬ್ರೇಕ್ ಬಿಸಿಯೂ ಇದೆ. ಇಂಥವರು ಸ್ವಂತ ಯಂತ್ರ ಇಟ್ಟುಕೊಂಡು ನೈಟ್ರೋಜನ್ ತುಂಬಿಸಿದರೆ ನಾನು ಬೇಡ ಅನ್ನುವುದಿಲ್ಲ. ಕಾರಿನ ಟೈರು ಐದಾರು ವರ್ಷದಲ್ಲಿ ಸವೆದೋ ಹಳತಾಗಿಯೋ ಬದಲಾಗುತ್ತದೆ, ಅಷ್ಟರೊಳಗೆ ಈ ಲಾಭ ಕಾಣಿಸಿಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ ಹೀಗೆ. ಮೊದಲ ಸಲ ಇನ್ನೂರೈವತ್ತು, ಆಮೇಲೆ ತಿಂಗಳಿಗೆ ನಾಲ್ಕು ಚಕ್ರಕ್ಕೆ ನಲವತ್ತರಂತೆ ವರ್ಷಕ್ಕೆ 480. ಬಂಕುಗಳು ಗಾಳಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮವೇ ಇದೆ. ಗಾಳಿ ಹಾಕುವ ಹುಡುಗನಿಗೆ ಹತ್ತು ರೂಪಾಯಿ ಸಂತೋಷಕ್ಕೆ ಕೊಟ್ಟರೂ ವರ್ಷಕ್ಕೆ 120. ಉಳಿದದ್ದರಲ್ಲಿ ಮುನ್ನೂರು–ಐನೂರರ ಗೇಜು ಬರುತ್ತದೆ. ಅದು ಯಾಕೆ ಬೇಕೆಂದರೆ ಬಂಕಿನ ಗೇಜುಗಳು 2–3 ಪಿಎಸ್‌ಐ ಆಚೀಚೆ ತೋರಿಸುವುದು ಮಾಮೂಲು. ನೈಟ್ರೋಜನ್ ವರ್ಷಪೂರ್ತಿ ಉಳಿಸುವ 1.3ನ್ನು ಕೆಟ್ಟ ಗೇಜು ಒಂದೇ ಸಲಕ್ಕೆ ನುಂಗಿಬಿಡುತ್ತದೆ.

ಅಳೆಯಬೇಕಾದ್ದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ. ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟು ಇರಬೇಕು. ಟೈರಿನ ಗೋಡೆ ಮೇಲೆ ಬರೆದ ಮ್ಯಾಕ್ಸಿಮಮ್ ಅಂಕಿ ನೋಡಿ ಹಾಕಿಸಬೇಡಿ. ಮನೆಯಲ್ಲಿ 30 ಬಂತು, 33 ಬೇಕು ಅಂದರೆ ಕೊರತೆ ಮೂರು ಅಂತ ಬರೆದುಕೊಳ್ಳಿ. ಏಳೆಂಟು ಕಿಲೋಮೀಟರ್ ಓಡಿಸಿ ಬಂಕು ಮುಟ್ಟುವಾಗ ಬಿಸಿಗೆ ಅದೇ ಟೈರು 33 ತೋರಿಸುತ್ತಿರುತ್ತದೆ. ಸರಿಯಾಗಿದೆ ಅಂತ ವಾಪಸ್ ಬಂದರೆ ಮರುದಿನ ಬೆಳಿಗ್ಗೆ ಮತ್ತೆ 30. ಅಲ್ಲಿ ತೋರಿಸಿದ್ದರ ಮೇಲೆ ಮೂರು ಸೇರಿಸಿ 36 ಹಾಕಿಸಿ. ದೂರದ ಪ್ರಯಾಣದ ನಡುವೆ ಬಿಸಿ ಟೈರು 38 ತೋರಿಸಿತೆಂದು ಗಾಳಿ ಬಿಡಿಸಬೇಡಿ.

ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿ, ತಿಂಗಳ ಮೊದಲ ಭಾನುವಾರ ಗೇಜ್ ಹಿಡಿಯುವ ರೂಢಿ ನನ್ನದು. ಈ ರೂಢಿಗೆ, ಈ ಬಜೆಟ್ಟಿಗೆ ಬಂಕಿನ ಗಾಳಿ. ವರ್ಷಕ್ಕೆ ಆರು ತಿಂಗಳು ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಪರದೇಶದಲ್ಲಿರುವವರು ನೈಟ್ರೋಜನ್ ಹಾಕಿಸಿದರೆ ಅರ್ಥವಿದೆ. ಹೊಸ ಟೈರಿನ ಜೊತೆ ಪುಕ್ಕಟೆ ತುಂಬಿಸಿ ಕೊಟ್ಟರೆ ಬೇಡ ಅನ್ನಬೇಡಿ, ಆಮೇಲಿನದ್ದನ್ನು ಬಂಕಿನಲ್ಲೇ ಹೊಡೆಸುತ್ತ ಹೋಗಿ.

ನಾನೇ ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸಬಹುದಾದ ಚಕ್ರ ಒಂದಿದ್ದರೆ ಅದು ಸ್ಟೆಪ್ನಿ. ಡಿಕ್ಕಿಯ ಚಾಪೆ ಎತ್ತಿ ಅದನ್ನು ಯಾರೂ ತಿಂಗಳಿಗೊಮ್ಮೆ ಅಳೆಯುವುದಿಲ್ಲ. ಏನೇ ತುಂಬಿಸಿ, ಹೇಳಿದ್ದಕ್ಕಿಂತ ನಾಲ್ಕು ಪಿಎಸ್‌ಐ ಹೆಚ್ಚಿಗೆ ಇಟ್ಟಿರಿ. ಬೇಕಾದಾಗ ಇಳಿಸಿಕೊಳ್ಳುವುದಕ್ಕೆ ಪಿನ್ನು ಒತ್ತಿದರೆ ಸಾಕು, ಏರಿಸುವುದಕ್ಕೆ ನಡುದಾರಿಯಲ್ಲಿ ಕಂಪ್ರೆಸರ್ ಸಿಗುವುದಿಲ್ಲ.