ಗ್ಯಾಪ್ ಹುಡುಕಲು ಯಾವುದು: ಟ್ರೇಡಿಂಗ್‌ವ್ಯೂ, ಚಾರ್ಟ್‌ಇಂಕ್, ಅಥವಾ ಭಾವ್‌ಕಾಪಿಯ ಎಕ್ಸೆಲ್

ಶನಿವಾರ ಬದಿಯಡ್ಕ ಪೇಟೆಯಲ್ಲಿ ಅಡಿಕೆಗೆ ಒಂದು ದರ, ಸೋಮವಾರ ಅಂಗಡಿ ಬಾಗಿಲು ತೆರೆಯುವಾಗಲೇ ಕಿಲೋಗೆ ಹತ್ತು ರೂಪಾಯಿ ಹೆಚ್ಚು. ನಡುವಿನ ದರಕ್ಕೆ ಕೊಟ್ಟವರೂ ಇಲ್ಲ, ಕೊಂಡವರೂ ಇಲ್ಲ. ಶೇರು ಚಾರ್ಟಿನ ಗ್ಯಾಪ್ ಅಂದರೆ ಇಷ್ಟೇ. ತಕರಾರು ಇರುವುದು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬಲ್ಲಿ. ಚಾರ್ಟ್ ತೋರಿಸುವ ತಾಣ ಟ್ರೇಡಿಂಗ್‌ವ್ಯೂ, ಷರತ್ತು ಹಾಕಿ ಶೇರು ಸೋಸುವ ತಾಣ ಚಾರ್ಟ್‌ಇಂಕ್, ಶೇರುಪೇಟೆಯ ದಿನದ ದರಪಟ್ಟಿಯಾದ ಭಾವ್‌ಕಾಪಿ: ಒಂದೇ ಶೇರಿಗೆ ಈ ಮೂರು ಟೂಲ್ ಮೂರು ಉತ್ತರ ಕೊಡುವುದು ಅದಕ್ಕೇ.

ಪರೀಕ್ಷೆಗೆ ಒಳ್ಳೆಯ ದಿನ 2024ರ ಜೂನ್ 3, ಎಕ್ಸಿಟ್ ಪೋಲ್ ನಂತರದ ಸೋಮವಾರ. ನಿಫ್ಟಿ ಸೂಚ್ಯಂಕ ಶುಕ್ರವಾರ 22,530.70ಕ್ಕೆ ಮುಚ್ಚಿ ಸೋಮವಾರ 23,337.90ಕ್ಕೆ ತೆರೆಯಿತು, ಅಂದರೆ 807 ಅಂಕ ಮೇಲೆ. ಆ ದಿನದ ಕನಿಷ್ಠ ಬೆಲೆಯೂ ಶುಕ್ರವಾರದ ಗರಿಷ್ಠಕ್ಕಿಂತ ಮೇಲೆಯೇ ಇತ್ತು. ಮರುದಿನ ಫಲಿತಾಂಶ ಬಂದು ನಿಫ್ಟಿ 21,281ರವರೆಗೆ ಇಳಿದಾಗ ಬಿಟ್ಟುಹೋದ ಬೆಲೆಗಳನ್ನೆಲ್ಲ ಮುಟ್ಟಿ ಗ್ಯಾಪ್ ಪೂರ್ತಿ ತುಂಬಿತು.

ಟ್ರೇಡಿಂಗ್‌ವ್ಯೂನ ಸ್ವಂತ 'ಗ್ಯಾಪ್ಸ್' ಇಂಡಿಕೇಟರ್ (ಚಾರ್ಟಿನ ಮೇಲೆ ತಾನೇ ಗುರುತು ಹಾಕುವ ಸಾಧನ) ಇದನ್ನು ಬಣ್ಣದ ಪೆಟ್ಟಿಗೆಯಾಗಿ ತೋರಿಸಿ, ತುಂಬಿದ ಕೂಡಲೇ ಪೆಟ್ಟಿಗೆಯನ್ನು ನಿಲ್ಲಿಸುತ್ತದೆ. ಅದರ ಲೆಕ್ಕ ಕಟ್ಟುನಿಟ್ಟು: ಇಂದಿನ ಕನಿಷ್ಠ ನಿನ್ನೆಯ ಗರಿಷ್ಠಕ್ಕಿಂತ ಮೇಲಿದ್ದರೆ, ಅಥವಾ ಇಂದಿನ ಗರಿಷ್ಠ ನಿನ್ನೆಯ ಕನಿಷ್ಠಕ್ಕಿಂತ ಕೆಳಗಿದ್ದರೆ ಮಾತ್ರ ಗ್ಯಾಪ್. ಬೆಳಿಗ್ಗೆ ಎರಡು ಶೇಕಡಾ ಮೇಲೆ ತೆರೆದು ಮಧ್ಯಾಹ್ನದೊಳಗೆ ನಿನ್ನೆಯ ಗರಿಷ್ಠಕ್ಕಿಂತ ಕೆಳಗೆ ಇಳಿದ ಶೇರು ದಿನದ ಚಾರ್ಟಿನಲ್ಲಿ ಕಾಣುವುದೇ ಇಲ್ಲ. ಟಿವಿಯವರು 'ಗ್ಯಾಪ್ ಅಪ್ ಓಪನಿಂಗ್' ಅಂದದ್ದು ಚಾರ್ಟಿನಲ್ಲಿ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಹೆಚ್ಚು ಜನ ಎಡವುವುದು 'ಮಿನಿಮಲ್ ಡೀವಿಯೇಶನ್' ಎಂಬ ಸೆಟ್ಟಿಂಗ್‌ನಲ್ಲಿ. ಅದು ಬೆಲೆಯ ಶೇಕಡಾ ಅಲ್ಲ, ಹಿಂದಿನ 14 ಕ್ಯಾಂಡಲ್‌ಗಳ (ಚಾರ್ಟಿನಲ್ಲಿ ಒಂದೊಂದು ಅವಧಿಯ ಬೆಲೆ ತೋರಿಸುವ ಕಂಬಗಳ) ಸರಾಸರಿ ಏರಿಳಿತದ ಶೇಕಡಾ. ದಿನದ ಚಾರ್ಟಿನಲ್ಲಿ ಸರಾಸರಿ 200 ಅಂಕ ಇದ್ದು 30 ಎಂದಿಟ್ಟರೆ 60 ಅಂಕದ ಗ್ಯಾಪ್ ಬೇಕು. ಐದು ನಿಮಿಷದ ಚಾರ್ಟಿನಲ್ಲಿ ಸರಾಸರಿ 20 ಅಂಕ ಇದ್ದರೆ ಅದೇ 30ಕ್ಕೆ ಆರೇ ಅಂಕ ಸಾಕು. ಹಾಗಾಗಿ ಬಹುಪಾಲು ದಿನ 9:15ಕ್ಕೆ ಒಂದು ಪೆಟ್ಟಿಗೆ ಬಿದ್ದು ಚಾರ್ಟ್ ರಂಗೋಲಿ ಆಗುತ್ತದೆ. ಕಡಿಮೆ ನಿಮಿಷದ ಚಾರ್ಟಿಗೆ ಈ ಸಂಖ್ಯೆಯನ್ನು ಏರಿಸಿ.

'ಫೇರ್ ವ್ಯಾಲ್ಯೂ ಗ್ಯಾಪ್' ಎಂಬ ಇಂಡಿಕೇಟರ್‌ಗಳು ಬೇರೆ ಜಾತಿ. ಅವು ನೋಡುವುದು ಮೂರು ಕ್ಯಾಂಡಲ್: ಏರಿಕೆಯ ಗ್ಯಾಪ್‌ಗೆ ಮೂರನೆಯದರ ಕನಿಷ್ಠ ಮೊದಲನೆಯದರ ಗರಿಷ್ಠಕ್ಕಿಂತ ಮೇಲಿರಬೇಕು. ಮೂರನೆಯದು ಮುಗಿಯುವ ತನಕ ಪೆಟ್ಟಿಗೆ ಬಂದು ಹೋಗಿ ಮಾಡುತ್ತಿರುತ್ತದೆ. ಅಲರ್ಟ್ ಇಡುವಾಗ 'ಬಾರ್ ಕ್ಲೋಸ್' (ಕ್ಯಾಂಡಲ್ ಮುಗಿದ ಮೇಲೆ) ಆಯ್ಕೆ ಮಾಡದಿದ್ದರೆ ಸುಳ್ಳು ಗಂಟೆಗಳೇ ಹೆಚ್ಚು.

ಚಾರ್ಟ್‌ಇಂಕ್ ಚಿತ್ರ ತೋರಿಸುವುದಕ್ಕಿಂತ ಪಟ್ಟಿ ಕೊಡುವುದರಲ್ಲಿ ಗಟ್ಟಿ. 'ಇಂದಿನ ಓಪನ್ ನಿನ್ನೆಯ ಹೈಗಿಂತ ಹೆಚ್ಚು' ಎಂದು ಷರತ್ತು ಹಾಕಿದರೆ ಇಡೀ ಮಾರುಕಟ್ಟೆಯಿಂದ ಹೆಸರು ಹೆಕ್ಕಿ ಕೊಡುತ್ತದೆ. ಓಪನ್ ಬದಲು ಲೋ ಹಾಕಿದರೆ ಇನ್ನೂ ತುಂಬದ ಗ್ಯಾಪ್‌ಗಳು ಮಾತ್ರ ಉಳಿಯುತ್ತವೆ. ಉಚಿತ ಬಳಕೆಯಲ್ಲಿ ಡೇಟಾ ತಡವಾಗಿ ಬರುವುದರಿಂದ 9:16ರ ಆಟಕ್ಕೆ ಇದನ್ನು ನಂಬಬೇಡಿ. ಇನ್ನೊಂದು: ಮಾರುಕಟ್ಟೆ ತೆರೆಯುವ ಮೊದಲು ಸ್ಕ್ಯಾನ್ ಓಡಿಸಿದರೆ 'ಲೇಟೆಸ್ಟ್' ಎಂದರೆ ನಿನ್ನೆ. ಹಳಸಿದ ಪಟ್ಟಿ ಹಿಡಿದು ಖರೀದಿಗೆ ಇಳಿದಂತಾಗುತ್ತದೆ.

ಮೂರನೆಯದು ಎನ್‌ಎಸ್‌ಇ ದಿನವೂ ಸಂಜೆ ಹಾಕುವ ಭಾವ್‌ಕಾಪಿ, ಜೊತೆಗೆ ಎಕ್ಸೆಲ್. ಎರಡು ದಿನದ ಫೈಲ್ ಇಳಿಸಿ, ಶೇರಿನ ಸಂಕೇತದ ಮೇಲೆ ವಿಲುಕ್‌ಅಪ್ (ಇನ್ನೊಂದು ಪಟ್ಟಿಯಿಂದ ಅಂಕಿ ಹುಡುಕಿ ತರುವ ಫಾರ್ಮುಲಾ) ಹಾಕಿ ನಿನ್ನೆಯ ಹೈ, ಲೋ ಪಕ್ಕಕ್ಕೆ ತನ್ನಿ. ಡೆಲಿವರಿ ಅಂಕಿ ಸೇರಿರುವ ಪೂರ್ಣ ಫೈಲಿನಲ್ಲಿ ಸಾಮಾನ್ಯ ಶೇರುಗಳ ಗುರುತಾದ 'ಇಕ್ಯೂ' ಎಂಬ ಸೀರೀಸ್ ಹೆಸರಿನ ಮುಂದೆ ಒಂದು ಖಾಲಿ ಜಾಗ ಇರುತ್ತದೆ. ಫಾರ್ಮುಲಾ ಹಾಕಿ ಹೋಲಿಸಿದರೆ ಒಂದು ಸಾಲೂ ಸಿಗುವುದಿಲ್ಲ. ಖಾಲಿ ಜಾಗ ತೆಗೆಯಲು ಮೊದಲು ಟ್ರಿಮ್ ಫಾರ್ಮುಲಾ ಹಾಕಿ. ಕ್ಲೋಸ್ ಮತ್ತು ಲಾಸ್ಟ್ ಎರಡು ಬೇರೆ ಕಾಲಂ ಎಂಬುದೂ ನೆನಪಿರಲಿ: ಕ್ಲೋಸ್ ಕೊನೆಯ ಅರ್ಧ ಗಂಟೆಯ ವಹಿವಾಟಿನ ತೂಕದ ಸರಾಸರಿ, ಲಾಸ್ಟ್ ಕೊನೆಯ ವಹಿವಾಟಿನ ಬೆಲೆ. ಸಣ್ಣ ಗ್ಯಾಪ್‌ಗಳು ಈ ವ್ಯತ್ಯಾಸದಲ್ಲೇ ಹುಟ್ಟಿ ಸಾಯುತ್ತವೆ. ನಿಫ್ಟಿ ಈ ಫೈಲಿನಲ್ಲಿ ಇರುವುದಿಲ್ಲ, ಸೂಚ್ಯಂಕಗಳ ಫೈಲ್ ಬೇರೆ.

ಬೋನಸ್ (ಪುಕ್ಕಟೆ ಹೆಚ್ಚುವರಿ ಶೇರು), ಸ್ಪ್ಲಿಟ್ (ಒಂದು ಶೇರನ್ನು ಹಲವಾಗಿ ಒಡೆಯುವುದು) ಇಲ್ಲಿಯ ದೊಡ್ಡ ಗುಂಡಿ. 2024ರ ಅಕ್ಟೋಬರ್ 28ರಂದು ರಿಲಯನ್ಸ್ 1:1 ಬೋನಸ್‌ಗೆ ಬೆಲೆ ಸುಮಾರು 2,650ರಿಂದ 1,330ರ ಆಸುಪಾಸಿಗೆ ಬಂತು. ಹಿಂದಿನ ದಿನದ ಹೈ, ಲೋ ಅಂಕಿಗಳನ್ನು ಎರಡರಿಂದ ಭಾಗಿಸದಿದ್ದರೆ ಶೀಟ್ ಅದನ್ನು ಮಹಾ ಗ್ಯಾಪ್ ಡೌನ್ ಅನ್ನುತ್ತದೆ. ಟ್ರೇಡಿಂಗ್‌ವ್ಯೂ ಸ್ಪ್ಲಿಟ್, ಬೋನಸ್‌ಗಳನ್ನು ತಾನೇ ಸರಿಪಡಿಸುತ್ತದೆ. ಡಿವಿಡೆಂಡ್‌ಗೆ ಮಾತ್ರ ಚಾರ್ಟಿನ ಕೆಳಗಿನ 'ಎಡಿಜೆ' ಒತ್ತಬೇಕು.

ದಿನದೊಳಗೆ ವಹಿವಾಟು ಮಾಡುವವರಿಗೆ ಟ್ರೇಡಿಂಗ್‌ವ್ಯೂ ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ವಾರಗಟ್ಟಲೆ ಇಟ್ಟುಕೊಳ್ಳುವವರಿಗೆ ನಮ್ಮ ಆಯ್ಕೆ ಎಕ್ಸೆಲ್, ಗ್ಯಾಪ್ ಎಂದರೇನು ಎಂದು ಅದರಲ್ಲಿ ನಾವೇ ಬರೆಯುತ್ತೇವೆ. ಮುಳ್ಳೇರಿಯ, ಪೆರ್ಲ ಕಡೆ ಆಟಿ ಮಳೆಗೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋದರೂ ತೊಂದರೆಯಿಲ್ಲ. ಫೈಲ್ ಮರುದಿನ ಬೆಳಿಗ್ಗೆ ಇಳಿಸಿದರೂ ಅಂಕಿ ಅದೇ.