ಒಂದೇ ಕೋಣೆಯ ಮೂರು ಸಿನಿಮಾ: ನಾಲ್ಕು ದಿನ ಕಳೆದ ಮೇಲೆ ಉಳಿದದ್ದೇನು?

‘ಟ್ವೆಲ್ವ್ ಆಂಗ್ರಿ ಮೆನ್’ ಸಿನಿಮಾದಲ್ಲಿ ನಾಲ್ಕನೇ ನಂಬರಿನ ಜ್ಯೂರಿ ಸದಸ್ಯನೊಬ್ಬನಿದ್ದಾನೆ. ಜ್ಯೂರಿ ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಲು ಕೂತ ಸಾಮಾನ್ಯ ಜನ, ಇಲ್ಲಿ ಹನ್ನೆರಡು ಮಂದಿ. ಸುಡುವ ಸೆಕೆಯಲ್ಲೂ ಕೋಟು ಕಳಚದೆ ಕೂತವನು. ನಿಮಗೆ ಬೆವರೇ ಬರುವುದಿಲ್ಲವೇ ಎಂದರೆ ಇಲ್ಲ ಎನ್ನುವವನು. ಅಪ್ಪನನ್ನು ಕೊಂದ ಆರೋಪ ಹೊತ್ತು, ಕೊಲೆಯಾದ ಹೊತ್ತಿಗೆ ತಾನು ಸಿನಿಮಾ ನೋಡುತ್ತಿದ್ದೆ ಎನ್ನುವ ಹುಡುಗನಿಗೆ ಆ ಸಿನಿಮಾದ ಹೆಸರೂ ಗೊತ್ತಿಲ್ಲ, ನಟರ ಹೆಸರೂ ಗೊತ್ತಿಲ್ಲ, ಆದ್ದರಿಂದ ಅವನು ಹೇಳುವುದು ಸುಳ್ಳು ಎನ್ನುವುದು ಇವನ ವಾದ. ಆಗ ಎಂಟನೇ ನಂಬರಿನವನು ಸಮಾಧಾನವಾಗಿ ಕೇಳುತ್ತಾ ಹೋಗುತ್ತಾನೆ: ನಿನ್ನೆ ರಾತ್ರಿ ಏನು ಮಾಡಿದಿರಿ? ಮೊನ್ನೆ? ಅದರ ಹಿಂದಿನ ರಾತ್ರಿ? ಸೋಮವಾರ ತಾನೂ ಸಿನಿಮಾಕ್ಕೇ ಹೋಗಿದ್ದೆ ಎಂದು ನಾಲ್ಕನೆಯವನು ಹೇಳುವಾಗ ಒಂದು ಚಿತ್ರದ ಹೆಸರು ತಪ್ಪುತ್ತದೆ, ಬೇರೊಬ್ಬ ತಿದ್ದುತ್ತಾನೆ. ನಟಿಯ ಹೆಸರಿಗೆ ತಡಕಾಡುತ್ತಾನೆ. ಬೆವರೇ ಬಾರದವನು ಹಣೆ ಒರೆಸಿಕೊಳ್ಳುತ್ತಾನೆ.

ಆ ದೃಶ್ಯ ಮುಗಿದದ್ದೇ ಅಕ್ಕ ಸಿನಿಮಾ ನಿಲ್ಲಿಸಿ ನನ್ನ ಕಡೆ ತಿರುಗಿದಳು. ‘ನಾಲ್ಕು ದಿನದ ಹಿಂದೆ ನೋಡಿದ್ವಲ್ಲ, ಆ ಪೆಟ್ಟಿಗೆ ಸಿನಿಮಾ. ಅದರಲ್ಲಿ ಸತ್ತುಹೋದ ಹುಡುಗನ ಹೆಸರೇನು, ಹೇಳು ನೋಡೋಣ.’ ನನಗೆ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ಈ ಹೋಲಿಕೆ ಹುಟ್ಟಿದ್ದು ಅಲ್ಲಿಂದ. ಒಂದೇ ಜಾಗದಲ್ಲಿ ನಡೆಯುವ ಮೂರು ಹಳೆಯ ಸಿನಿಮಾಗಳನ್ನು ಈಚೆಗೆ ಸಾಲಾಗಿ ನೋಡಿದೆವು: ಹಿಚ್‌ಕಾಕ್ ನಿರ್ದೇಶಿಸಿದ ‘ರೋಪ್’ (1948), ಸಿಡ್ನಿ ಲುಮೆಟ್ ನಿರ್ದೇಶಿಸಿದ ‘ಟ್ವೆಲ್ವ್ ಆಂಗ್ರಿ ಮೆನ್’ (1957), ಮತ್ತೆ ಹಿಚ್‌ಕಾಕ್‌ರದೇ ‘ರಿಯರ್ ವಿಂಡೋ’ (1954). ಒಂದೊಂದನ್ನೂ ನೋಡಿದ ನಾಲ್ಕನೇ ದಿನ ಇಬ್ಬರೂ ಬೇರೆ ಬೇರೆ ಕೂತು, ನೆನಪಿನಲ್ಲಿ ಉಳಿದದ್ದನ್ನು ಕಾಗದದ ಮೇಲೆ ಬರೆದೆವು. ಆಮೇಲೆ ಮತ್ತೊಮ್ಮೆ ನೋಡಿದೆವು. ಸಿನಿಮಾ ಮುಗಿದ ಕೂಡಲೇ ‘ಚೆನ್ನಾಗಿದೆ’ ಅನ್ನುವುದಕ್ಕೂ ನಾಲ್ಕು ದಿನ ಬಿಟ್ಟು ಕಾಗದದ ಮೇಲೆ ಬಂದದ್ದಕ್ಕೂ ಬಹಳ ವ್ಯತ್ಯಾಸವಿತ್ತು. ಕಥೆಯ ಗುಟ್ಟುಗಳನ್ನು ಇಲ್ಲಿ ಮುಚ್ಚಿಟ್ಟಿಲ್ಲ, ಇನ್ನೂ ನೋಡದವರು ನೋಡಿಬಂದು ಓದಿ.

‘ರೋಪ್’ ಕಥೆ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಇಬ್ಬರು ಯುವಕರು ತಮ್ಮ ಗೆಳೆಯನನ್ನು ಹಗ್ಗ ಬಿಗಿದು ಕೊಂದು ಮರದ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ಅದೇ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ ಊಟ ಜೋಡಿಸುತ್ತಾರೆ. ಊಟಕ್ಕೆ ಬರುವವರಲ್ಲಿ ಸತ್ತವನ ಅಪ್ಪನೂ ಇದ್ದಾನೆ, ಅವನನ್ನು ಮದುವೆಯಾಗಬೇಕಿದ್ದ ಹುಡುಗಿಯೂ ಇದ್ದಾಳೆ. 80 ನಿಮಿಷದ ಈ ಸಿನಿಮಾದಲ್ಲಿ ಹಿಚ್‌ಕಾಕ್ ಕಟ್ ಮಾಡದೆ ಸಾಧ್ಯವಾದಷ್ಟು ಉದ್ದಕ್ಕೆ ಒಂದೊಂದು ಶಾಟ್ ಎಳೆದಿದ್ದಾರೆ. ಫಿಲ್ಮ್ ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದದ್ದು 1000 ಅಡಿ. ಅಂದರೆ ಹನ್ನೊಂದು ನಿಮಿಷ ದಾಟಲು ಬರುತ್ತಿರಲಿಲ್ಲ. ಸುರುಳಿ ಮುಗಿಯುವ ಹೊತ್ತಿಗೆ ಹಲವು ಕಡೆ ಕ್ಯಾಮೆರಾ ಯಾರದಾದರೂ ಕೋಟಿನ ಬೆನ್ನಿಗೆ ಹೋಗಿ ತಾಗುತ್ತದೆ, ಪರದೆ ಕಪ್ಪಾಗುತ್ತದೆ, ಅದೇ ಕಪ್ಪಿನಿಂದ ಮುಂದಿನ ಸುರುಳಿ ಶುರುವಾಗುತ್ತದೆ.

ತೊಂದರೆ ಇರುವುದೂ ಇಲ್ಲೇ. ಈ ತಂತ್ರ ಮೊದಲೇ ಗೊತ್ತಿದ್ದರಿಂದ ನನ್ನ ಕಣ್ಣು ಮನುಷ್ಯರನ್ನು ಬಿಟ್ಟು ಬೆನ್ನುಗಳನ್ನು ಕಾಯತೊಡಗಿತು. ಯಾರಾದರೂ ಕ್ಯಾಮೆರಾಕ್ಕೆ ಬೆನ್ನು ಹಾಕಿದರೆ ‘ಈಗ ಬಂತು’ ಅಂತ ಮನಸ್ಸು ಹೇಳುತ್ತಿತ್ತು. ನನ್ನ ಕಾಗದದಲ್ಲಿ ಮೊದಲು ಬಿದ್ದ ಮಾತೂ ‘ಕೋಟಿನ ಬೆನ್ನು’. ಆಮೇಲೆ ‘ಕಿಟಕಿಯಾಚೆ ನಿಧಾನಕ್ಕೆ ಕತ್ತಲಾಗುವ ನಗರ’. ಅದಂತೂ ನಿಜಕ್ಕೂ ಸೊಗಸು, ಸಂಜೆ ಇಳಿದು ದೀಪಗಳು ಹೊತ್ತಿಕೊಳ್ಳುವುದು ನಮಗೇ ಗೊತ್ತಾಗದ ಹಾಗೆ ನಡೆದುಬಿಡುತ್ತದೆ. ಆದರೆ ಕೊಂದವರ ಮುಖ? ಒಬ್ಬ ಗಟ್ಟಿಗ, ಒಬ್ಬ ಪುಕ್ಕಲ, ಅಷ್ಟೇ ನೆನಪು.

ಹಾಗಂತ ‘ರೋಪ್’ ಅನ್ನು ಪಕ್ಕಕ್ಕೆ ತಳ್ಳಲಾರೆ. ಅದರಲ್ಲಿ ಒಂದು ದೃಶ್ಯವಿದೆ, ಮೂರೂ ಸಿನಿಮಾದಲ್ಲಿ ಅದಕ್ಕಿಂತ ಹೆಚ್ಚು ಉಸಿರು ಬಿಗಿಸಿದ್ದು ಬೇರೆ ಇಲ್ಲ. ಊಟ ಮುಗಿದಿದೆ. ಹುಡುಗ ಇನ್ನೂ ಯಾಕೆ ಬಂದಿಲ್ಲ ಎಂದು ಅತಿಥಿಗಳು ಚಿಂತೆಯಿಂದ ಮಾತಾಡಿಕೊಳ್ಳುತ್ತಿದ್ದಾರೆ, ಹೆಚ್ಚಿನವರು ನಮಗೆ ಕಾಣಿಸುವುದೂ ಇಲ್ಲ, ದನಿ ಮಾತ್ರ. ಅಷ್ಟು ಹೊತ್ತು ಓಡಾಡುತ್ತಿದ್ದ ಕ್ಯಾಮೆರಾ ಈಗ ಪೆಟ್ಟಿಗೆಯನ್ನು ನೋಡುತ್ತಾ ನಿಂತುಬಿಡುತ್ತದೆ. ಮನೆಕೆಲಸದ ಹೆಂಗಸು ಬರುತ್ತಾಳೆ, ತಟ್ಟೆಗಳನ್ನು ಒಯ್ಯುತ್ತಾಳೆ. ಮತ್ತೆ ಬರುತ್ತಾಳೆ, ಮೇಣದಬತ್ತಿಯ ಕಂಬಗಳನ್ನು ಒಯ್ಯುತ್ತಾಳೆ. ಮೇಲೆ ಹಾಸಿದ್ದ ಬಟ್ಟೆ ತೆಗೆಯುತ್ತಾಳೆ. ಪೆಟ್ಟಿಗೆಯೊಳಗೆ ಇಡಬೇಕಾದ ಪುಸ್ತಕಗಳನ್ನು ಹೊತ್ತುಕೊಂಡು ಬರುತ್ತಾಳೆ. ಮುಚ್ಚಳಕ್ಕೆ ಕೈ ಹಾಕುತ್ತಾಳೆ. ಅವಳ ಅವಸರವಿಲ್ಲದ ನಡಿಗೆ ನೋಡುತ್ತಾ ನನ್ನ ಅಂಗೈ ತಣ್ಣಗಾಗಿತ್ತು. ಅದೂ ಎರಡನೇ ಸಲ ನೋಡುವಾಗ! ಮೊದಲ ಸಲ ಈ ದೃಶ್ಯ ಅರ್ಧ ತಪ್ಪಿಹೋಗಿತ್ತು. ಕಾಣದವರ ಮಾತೆಲ್ಲ ಸಬ್‌ಟೈಟಲ್ ಆಗಿ ಕೆಳಗೆ ಓಡುತ್ತಿತ್ತು, ಅದನ್ನು ಓದುತ್ತಾ ಪೆಟ್ಟಿಗೆಯನ್ನೇ ಬಿಟ್ಟಿದ್ದೆ. ಇಲ್ಲಿ ಮಾತು ಮುಖ್ಯವಲ್ಲ, ಓದಬೇಡಿ, ಆ ಹೆಂಗಸಿನ ಕೈ ನೋಡಿ.

ಕೊನೆ ಮಾತ್ರ ನನಗೆ ಒಗ್ಗಲಿಲ್ಲ. ಈ ಹುಡುಗರ ತಲೆಗೆ ‘ಕೆಲವರು ಮೇಲು, ಅವರಿಗೆ ಕಾನೂನಿಲ್ಲ’ ಎನ್ನುವ ವಿಚಾರವನ್ನು ತುಂಬಿದ್ದೇ ಅವರ ಹಳೆಯ ಮೇಷ್ಟ್ರು, ಆ ಪಾತ್ರದಲ್ಲಿ ಜೇಮ್ಸ್ ಸ್ಟುವರ್ಟ್. ಹೆಣ ಕಂಡ ಮೇಲೆ ಅವನು ಉದ್ದದ ಭಾಷಣ ಮಾಡಿ ತನ್ನ ಪಾಲಿನಿಂದ ಬಿಡಿಸಿಕೊಳ್ಳುತ್ತಾನೆ. ಆ ಮನುಷ್ಯ ಮಾತಿಲ್ಲದೆ ಕುಸಿದು ಕೂತಿದ್ದರೆ ಸಿನಿಮಾ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು.

ಅದೇ ಸ್ಟುವರ್ಟ್, ಅದೇ ನಿರ್ದೇಶಕ, ಆರು ವರ್ಷದ ನಂತರ ‘ರಿಯರ್ ವಿಂಡೋ’. ಇಲ್ಲಿ ತಂತ್ರ ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ಇಲ್ಲಿರುವಷ್ಟು ದೊಡ್ಡ ತಂತ್ರ ‘ರೋಪ್’ನಲ್ಲೂ ಇಲ್ಲ. ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡ ಫೋಟೋಗ್ರಾಫರ್ ಒಬ್ಬ ಗಾಲಿಕುರ್ಚಿಯಲ್ಲಿ ಕೂತು ಎದುರಿನ ಮನೆಗಳ ಕಿಟಕಿಗಳನ್ನು ನೋಡುತ್ತಾನೆ, ಅಲ್ಲೊಬ್ಬ ಹೆಂಡತಿಯನ್ನು ಕೊಂದಿದ್ದಾನೆ ಎಂದು ಅನುಮಾನಪಡುತ್ತಾನೆ. ಆ ಇಡೀ ಅಂಗಳವನ್ನು, 31 ಮನೆಗಳ ಸಮೇತ, ಸ್ಟುಡಿಯೋ ಒಳಗೇ ಕಟ್ಟಿದ್ದರು. ಶುರುವಿನಲ್ಲಿ ಒಂದು ಮಾತೂ ಇಲ್ಲದೆ ಕ್ಯಾಮೆರಾ ಎಲ್ಲವನ್ನೂ ಹೇಳಿಬಿಡುತ್ತದೆ: ಸೆಕೆಯ ಥರ್ಮಾಮೀಟರು, ಬೆವರಿದ ಹಣೆ, ಪ್ಲಾಸ್ಟರ್ ಕಾಲು, ನುಜ್ಜುಗುಜ್ಜಾದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರಿನ ಅಪಘಾತದ ಫೋಟೋ. ಈತ ಯಾರು, ಕಾಲು ಹೇಗೆ ಮುರಿಯಿತು, ಯಾರೂ ವಿವರಿಸಬೇಕಾಗಿಲ್ಲ.

ನಾಲ್ಕನೇ ದಿನ ನನ್ನ ಕಾಗದ ತುಂಬಿತ್ತು. ಕುಣಿಯುವ ಹುಡುಗಿ, ಪಿಯಾನೋ ಮುಂದೆ ಹೆಣಗುವ ಸಂಗೀತಗಾರ, ಪರದೆ ಎಳೆದುಕೊಂಡ ಹೊಸ ಜೋಡಿ. ಖಾಲಿ ಕುರ್ಚಿಗೆ ಎದುರಾಗಿ ಲೋಟ ಎತ್ತಿ, ಯಾರೋ ಬಂದಿದ್ದಾರೆ ಅಂತ ತನಗೆ ತಾನೇ ನಟಿಸಿಕೊಳ್ಳುವ ಒಂಟಿ ಹೆಂಗಸು. ಇವಳನ್ನು ಅಕ್ಕನೂ ಬರೆದಿದ್ದಳು, ಕೊಲೆಗಾರನಿಗಿಂತ ಮೇಲೆ. ಇವರಲ್ಲಿ ಹೆಚ್ಚಿನವರ ಮಾತು ನಮಗೆ ಸರಿಯಾಗಿ ಕೇಳಿಸುವುದೂ ಇಲ್ಲ. ಆದರೂ ‘ರೋಪ್’ನಲ್ಲಿ ಎದುರಿಗೇ ನಿಂತು ಮಾತಾಡಿದವರಿಗಿಂತ ಇವರು ಹತ್ತಿರವಾದರು.

ಇನ್ನೂ ಎರಡು ಚಿತ್ರ ಮನಸ್ಸು ಬಿಟ್ಟು ಹೋಗಿಲ್ಲ. ಯಾರೋ ನಾಯಿಯನ್ನು ಕೊಂದಿದ್ದಾರೆ, ಅದರ ಒಡತಿ ಅಳುತ್ತಾ ಕೂಗುತ್ತಾಳೆ, ಎಲ್ಲ ಕಿಟಕಿಗಳಿಗೂ ಜನ ಬಂದು ನಿಲ್ಲುತ್ತಾರೆ. ಒಂದೇ ಒಂದು ಕಿಟಕಿ ಕತ್ತಲಾಗಿದೆ, ಅದರೊಳಗೆ ಹೊಗೆ ಸೇದುವವನ ಕೆಂಡ ಒಮ್ಮೆ ಮಿನುಗಿ ಮಂಕಾಗುತ್ತದೆ. ಇನ್ನೊಂದು, ಕೊಲೆಗಾರನ ಮನೆಗೆ ನುಗ್ಗಿದ, ಫೋಟೋಗ್ರಾಫರ್‌ನ ಪ್ರೇಯಸಿಯ ಪಾತ್ರದ ಗ್ರೇಸ್ ಕೆಲ್ಲಿ ಬೆನ್ನ ಹಿಂದೆ ಕೈ ತಂದು, ಬೆರಳಿಗೆ ಹಾಕಿಕೊಂಡ ಸತ್ತವಳ ಉಂಗುರವನ್ನು ಎದುರು ಮನೆಯ ಸ್ಟುವರ್ಟ್‌ಗೆ ತೋರಿಸುತ್ತಾಳೆ. ಕೊಲೆಗಾರ ಆ ಸನ್ನೆ ನೋಡುತ್ತಾನೆ. ಯಾರಿಗೆ ಈ ಸನ್ನೆ ಎಂದು ತಲೆ ಎತ್ತುತ್ತಾನೆ, ನೇರ ನಮ್ಮ ಕಣ್ಣಿಗೇ ನೋಡುತ್ತಾನೆ. ‘ಅಯ್ಯೋ, ದೀಪ ಆರಿಸೇ!’ ಅಂತ ಅಕ್ಕ ಕೂಗಿದಳು. ನಮ್ಮ ಕೋಣೆಯಲ್ಲಿ ದೀಪವೇ ಇರಲಿಲ್ಲ.

ಆದರೆ ಕೊನೆಯ ಹೊಡೆದಾಟ ನಿರಾಸೆ ತಂದಿತು. ಫ್ಲ್ಯಾಶ್ ಬಲ್ಬು ಹೊತ್ತಿಸಿ ಕೊಲೆಗಾರನ ಕಣ್ಣು ಕುಕ್ಕಿಸುವವರೆಗೆ ಅದ್ಭುತ. ಆಮೇಲೆ ಜನ ಓಡಿಬರುವುದನ್ನು ವೇಗ ಹೆಚ್ಚಿಸಿ ತೋರಿಸಿದ್ದಾರೆ, ಸ್ಟುವರ್ಟ್ ಬೀಳುವುದು ಅಂಟಿಸಿದ ಚಿತ್ರದ ಹಾಗೆ ಕಾಣುತ್ತದೆ. 112 ನಿಮಿಷ ಇಷ್ಟು ತಾಳ್ಮೆಯಿಂದ ಕಟ್ಟಿದವರು ಕೊನೆಯ ಎರಡು ನಿಮಿಷಕ್ಕೆ ಅವಸರಪಟ್ಟರಲ್ಲ ಎಂದು ಬೇಸರವಾಯಿತು.

ಈಗ ‘ಟ್ವೆಲ್ವ್ ಆಂಗ್ರಿ ಮೆನ್’. 96 ನಿಮಿಷ, ಕಪ್ಪುಬಿಳುಪು, ಸಿಡ್ನಿ ಲುಮೆಟ್‌ರ ಮೊದಲ ಸಿನಿಮಾ. ಮೂರು ನಿಮಿಷದಷ್ಟು ಬಿಟ್ಟರೆ ಉಳಿದದ್ದೆಲ್ಲ ಜ್ಯೂರಿ ಕೋಣೆ ಮತ್ತು ಅದಕ್ಕೆ ಸೇರಿದ ಕೈತೊಳೆಯುವ ಜಾಗ. ಹನ್ನೊಂದು ಜನ ಹುಡುಗ ತಪ್ಪಿತಸ್ಥ ಎನ್ನುತ್ತಾರೆ, ಎಂಟನೇ ನಂಬರಿನವನಾದ ಹೆನ್ರಿ ಫೋಂಡಾ ಒಬ್ಬ ಕೈ ಎತ್ತುವುದಿಲ್ಲ. ಎಲ್ಲರೂ ಒಮ್ಮತಕ್ಕೆ ಬರಬೇಕು, ತಪ್ಪಿತಸ್ಥ ಎಂದಾದರೆ ಹುಡುಗನಿಗೆ ಮರಣದಂಡನೆ.

ಗೋಡೆಯ ವಿಷಯದಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಭಾವ ತಿಳಿಯುತ್ತದೆ. ‘ರೋಪ್’ನಲ್ಲಿ ಗೋಡೆಗಳು ಕ್ಯಾಮೆರಾಕ್ಕೆ ದಾರಿ ಬಿಡುತ್ತವೆ. ಚಿತ್ರೀಕರಣದ ನಡುವೆಯೇ ಅವುಗಳನ್ನು ಸದ್ದಿಲ್ಲದೆ ಸರಿಸುತ್ತಿದ್ದರು. ‘ರಿಯರ್ ವಿಂಡೋ’ದಲ್ಲಿ ಗೋಡೆಗೆ ದೊಡ್ಡ ಕಿಟಕಿಯಿದೆ, ನಾವು ಒಳಗಿದ್ದೂ ಹೊರಗಿರುತ್ತೇವೆ. ‘ಟ್ವೆಲ್ವ್ ಆಂಗ್ರಿ ಮೆನ್’ನಲ್ಲಿ ಗೋಡೆ ಮೈಮೇಲೆ ಬರುತ್ತದೆ. ಲುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಕಥೆ ಮುಂದುವರಿದಂತೆ ಹೆಚ್ಚು ಹೆಚ್ಚು ಫೋಕಲ್ ದೂರದ, ಅಂದರೆ ದೂರದ್ದನ್ನು ಹತ್ತಿರ ತರುವ ಲೆನ್ಸುಗಳಿಗೆ ಹೋದರು, ಹಿಂದಿನ ಗೋಡೆ ಮುಖಗಳಿಗೆ ಅಂಟಿದ ಹಾಗೆ ಆಯಿತು. ಕ್ಯಾಮೆರಾ ಮೊದಲು ಕಣ್ಣಿಗಿಂತ ಮೇಲಿತ್ತು, ಆಮೇಲೆ ಕಣ್ಣಿನ ಮಟ್ಟಕ್ಕೆ, ಕೊನೆಗೆ ಅದಕ್ಕೂ ಕೆಳಗೆ ಇಳಿಯಿತು, ಚಾವಣಿ ಕಾಣತೊಡಗಿತು. ಇದೊಂದೂ ಮೊದಲ ಸಲ ನನ್ನ ಗಮನಕ್ಕೆ ಬರಲಿಲ್ಲ. ಕುತ್ತಿಗೆಯ ಗುಂಡಿ ಬಿಚ್ಚಬೇಕು ಅನ್ನಿಸಿದ್ದು ಮಾತ್ರ ನೆನಪಿದೆ. ತಂತ್ರ ಅಂದರೆ ನನಗೆ ಇದು. ಕೋಟಿನ ಬೆನ್ನಿನ ಹಾಗೆ ‘ನನ್ನನ್ನು ನೋಡು’ ಅನ್ನುವುದಿಲ್ಲ.

ಫ್ಯಾನಿನ ವಿಷಯ ಹೇಳಲೇಬೇಕು. ಶುರುವಿನಲ್ಲಿ ಗೋಡೆಯ ಫ್ಯಾನು ಎಷ್ಟು ಗುಂಡಿ ಒತ್ತಿದರೂ ತಿರುಗುವುದಿಲ್ಲ. ಮಳೆ ಬಂದು ಕತ್ತಲಾದಾಗ ದೀಪ ಹಾಕುತ್ತಾರೆ, ಫ್ಯಾನೂ ಹೊರಳುತ್ತದೆ, ಎರಡಕ್ಕೂ ಒಂದೇ ಸ್ವಿಚ್ಚು! ಅಷ್ಟು ಹೊತ್ತು ಬೆವರಿ ಕೂತವರಲ್ಲಿ ಒಬ್ಬರೂ ದೀಪ ಹಾಕಿ ನೋಡಿರಲಿಲ್ಲ. ಅದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ, ಸಿನಿಮಾ ಮುಂದೆ ಹೋಗುತ್ತದೆ.

ಕೊರತೆ ಇಲ್ಲವೆಂದಲ್ಲ. ಎಂಟನೇ ನಂಬರಿನವನು ತಾನೇ ಹೋಗಿ ಕೊಲೆಯ ಚಾಕುವಿನಂಥದ್ದೇ ಇನ್ನೊಂದು ಚಾಕು ಕೊಂಡು ತಂದು ಮೇಜಿಗೆ ಚುಚ್ಚುತ್ತಾನೆ. ನೋಡಲು ಮೈ ಜುಮ್ಮೆನ್ನುತ್ತದೆ, ಆದರೆ ಜ್ಯೂರಿ ಸದಸ್ಯರು ಸ್ವಂತ ತನಿಖೆ ಮಾಡುವಂತಿಲ್ಲ, ನಿಜವಾದ ನ್ಯಾಯಾಲಯದಲ್ಲಿ ಅದೇ ತಪ್ಪಾಗುತ್ತದೆ. ಹನ್ನೆರಡರಲ್ಲಿ ಒಬ್ಬಳೂ ಹೆಂಗಸಿಲ್ಲ. ಮಾತಿನ ಸಿನಿಮಾ ಆದ್ದರಿಂದ ಸಬ್‌ಟೈಟಲ್ ನಂಬಿ ನೋಡುವವರಿಗೆ ಮೂರರಲ್ಲಿ ಕಷ್ಟದ್ದೂ ಇದೇ. ನಾಲ್ಕು ಜನ ಒಟ್ಟಿಗೆ ಕೂಗಾಡುವಾಗ ಯಾವ ಸಾಲು ಯಾರದು ಎಂದು ತಿಳಿಯುವಷ್ಟರಲ್ಲಿ ಮುಖ ಹೋಗಿರುತ್ತದೆ. ಆ ಲೆಕ್ಕದಲ್ಲಿ ‘ರಿಯರ್ ವಿಂಡೋ’ ಸಲೀಸು, ಮಾತಿಲ್ಲದ ಹೊತ್ತು ಬೇಕಾದಷ್ಟಿದೆ. ನಾಲ್ಕಾರು ಜನ ಸೇರಿ ನೋಡುವುದಾದರೆ ನಾನು ಅದನ್ನೇ ಹಾಕುತ್ತೇನೆ. ಸಿನಿಮಾ ಹೇಗೆ ತೆಗೆಯುತ್ತಾರೆ ಎಂಬ ಕುತೂಹಲ ಇರುವವರಿಗೆ ‘ರೋಪ್’. ಒಂದೇ ರಾತ್ರಿ ಇದೆ, ಒಂದೇ ಸಿನಿಮಾ ಅಂದರೆ ‘ಟ್ವೆಲ್ವ್ ಆಂಗ್ರಿ ಮೆನ್’, ಇದರಲ್ಲಿ ನನಗೆ ಎರಡು ಮಾತಿಲ್ಲ.

ಯಾಕೆಂದರೆ ನಾಲ್ಕನೇ ದಿನ ಅಕ್ಕನ ಕಾಗದದಲ್ಲಿ ಹನ್ನೊಂದು ಜನ ಇದ್ದರು. ಗಡಿಯಾರ ರಿಪೇರಿಯವನು, ಬೇಸ್‌ಬಾಲ್ ಟಿಕೆಟ್ಟಿನವನು, ನೆಗಡಿಯಾದವನು, ಕೊಳೆಗೇರಿಯಲ್ಲಿ ಬೆಳೆದವನು, ಮಗನ ಫೋಟೋ ಹರಿದು ಅಳುವವನು, ಹೀಗೆ. ಬಿಟ್ಟುಹೋದವನು ಬಣ್ಣ ಬಳಿಯುವ ಕೆಲಸದ ಆರನೇ ನಂಬರಿನವನು. ಅವನು ನನ್ನ ಕಾಗದದಲ್ಲಿದ್ದ, ಜ್ಯೂರಿಯಲ್ಲಿದ್ದ ಮುದುಕನ ಜೊತೆ ಒರಟಾಗಿ ಮಾತಾಡಿದವನನ್ನು ಗದರಿಸಿದ್ದಕ್ಕೆ.

‘ಹೆಸರು ಬರೆದೇ ಇಲ್ವಲ್ಲೇ’ ಎಂದಳು ಅಕ್ಕ, ನನ್ನ ಕಾಗದ ನೋಡಿ. ಅವಳದರಲ್ಲೂ ಇರಲಿಲ್ಲ. ಮತ್ತೆ ಹಾಕಿದೆವು, ಕೊನೆಯವರೆಗೂ ನೋಡಿದೆವು. ಮಳೆ ನಿಂತ ಮೇಲೆ ನ್ಯಾಯಾಲಯದ ಮೆಟ್ಟಿಲ ಮೇಲೆ ಮುದುಕ ಫೋಂಡಾನನ್ನು ಕರೆದು ನಿಲ್ಲಿಸಿ, ನಿಮ್ಮ ಹೆಸರೇನು ಎಂದು ಕೇಳುತ್ತಾನೆ. ಡೇವಿಸ್. ನಾನು ಮೆಕಾರ್ಡಲ್. ಕೈ ಕುಲುಕುತ್ತಾರೆ, ಮುಂದೆ ಮಾತು ತೋಚದೆ ಒಂದು ಗಳಿಗೆ ನಿಂತು, ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಉಳಿದ ಹತ್ತು ಜನರ ಹೆಸರು ಸಿನಿಮಾದಲ್ಲೇ ಇಲ್ಲ.